ಮೂರನೆಯ ಸಲದ ಕಸ

ನಮ್ಮ ಅವ್ವ ಪದ್ಮವ್ವನಿಗೆ ಯಾವುದನ್ನೂ ‘ಇರಲಿ ಬಿಡು’ ಎಂದು ಬಿಟ್ಟು ಗೊತ್ತಿಲ್ಲ. ಯರಗಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕೆಟ್ಟು ನಿಂತರೆ ಉಳಿದವರು ಡ್ರೈವರನನ್ನು ಬೈಯುತ್ತಾರೆ, ಇವಳು ಹೋಗಿ ಬಸ್ಸಿನ ಕೆಳಗೆ ಬಗ್ಗಿ ನೋಡುತ್ತಾಳೆ. ಕಿರಾಣಿ ಅಂಗಡಿಯ ಹೊಸ ತಕ್ಕಡಿಯಲ್ಲಿ ಮುಳ್ಳೇ ಇಲ್ಲದೆ ತೂಕ ಹೇಗೆ ಗೊತ್ತಾಗುತ್ತದೆ ಎಂದು ಇವಳು ಕೇಳಿ ಕೇಳಿ, ಅಂಗಡಿಯವನು ಕೊನೆಗೊಂದು ದಿನ ಅದನ್ನು ಬೋರಲು ಹಾಕಿ ಬಿಚ್ಚಿ ತೋರಿಸಿದ. ನಾನು ಬೈಲಹೊಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳು ವರ್ಷವಿಡೀ ಕೇಳದಷ್ಟು ಪ್ರಶ್ನೆಗಳನ್ನು ಅವ್ವ ಒಂದು ರವಿವಾರದಲ್ಲಿ ಕೇಳಿ ಮುಗಿಸುತ್ತಾಳೆ. ಉತ್ತರ ಅವಳಿಗೆ ಒಪ್ಪಿಗೆಯಾಗದಿದ್ದರೆ “ಇಷ್ಟಕ್ಕ ನಿನಗ ಪಗಾರ ಕೊಡ್ತಾರೇನ ರೇಣು?” ಎನ್ನುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಆಮೇಲೆ ಹೋಗಿ ಪುಸ್ತಕ ತೆಗೆದು ನೋಡುತ್ತೇನೆ.

ಆದರೆ ಸುತ್ತಲಿನ ಹಳ್ಳಿಗಳಲ್ಲಿ ಅವಳ ಹೆಸರು ಗೊತ್ತಿರುವುದು ಪ್ರಶ್ನೆಗಳಿಂದಲ್ಲ. ಅವ್ವ ಕಣ್ಣಿನ ಕಸ ತೆಗೆಯುತ್ತಿದ್ದಳು, ಅದೂ ನಾಲಿಗೆಯಿಂದ. ಅವಳ ಅಜ್ಜಿ ಶಟ್ಟೆವ್ವನಿಂದ ಬಂದ ವಿದ್ಯೆ ಅದು. ಬಂದವರನ್ನು ಬೆಳಕಿಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂರಿಸುವುದು, ಬಾಯಿ ಮುಕ್ಕಳಿಸುವುದು, ಹೆಬ್ಬೆರಳಿನಿಂದ ರೆಪ್ಪೆ ಮಗುಚಿ ನಾಲಿಗೆಯ ತುದಿಯನ್ನು ಒಮ್ಮೆ ಮೆಲ್ಲಗೆ ಆಡಿಸುವುದು, ಇಷ್ಟೇ. ಕಸ ನಾಲಿಗೆಗೆ ಹತ್ತಿಕೊಂಡು ಬರುತ್ತಿತ್ತು. ಅದನ್ನು ಎಡಗೈ ಹೆಬ್ಬೆರಳಿನ ಉಗುರ ಮೇಲಿಟ್ಟು, “ನೋಡು, ಇದು ನಿಂದು” ಎಂದು ತೋರಿಸಿದ ಮೇಲೆಯೇ ಅವರನ್ನು ಏಳಲು ಬಿಡುತ್ತಿದ್ದಳು. ಅಜ್ಜಿ ಹಾಗೆ ತೋರಿಸುತ್ತಿರಲಿಲ್ಲವಂತೆ. ಅದು ಅವ್ವನ ಸ್ವಂತ ಸೇರ್ಪಡೆ. ಬಂದವರಿಗೆ ನಂಬಿಕೆ ಬರಲಿ ಎಂದಲ್ಲ, ಏನು ಬಂತೆಂದು ತಾನು ನೋಡದೆ ಅವಳಿಗೆ ತಡೆಯುತ್ತಿರಲಿಲ್ಲ.

ರಾಶಿ ಮಾಡುವ ಕಾಲದಲ್ಲಿ ನಮ್ಮ ಓಣಿಗೆ ಯಾರ‍್ಯಾರೋ ಬರುತ್ತಿದ್ದರು. ನಮ್ಮ ಕೊಡದ ನೀರು ಮುಟ್ಟದ ಮನೆತನದವರೂ ಬಂದು ಕಟ್ಟೆಯ ಮೇಲೆ ಕೂತು ಮುಖ ಎತ್ತುತ್ತಿದ್ದರು. ಕಣ್ಣಿಗೆ ಕಸ ಬಿದ್ದಾಗ ಅವರಿಗೆ ಜಾತಿ ಕಾಣುತ್ತಿರಲಿಲ್ಲ, ಕಸ ಹೋದ ಕೂಡಲೇ ಮತ್ತೆ ಕಾಣುತ್ತಿತ್ತು. ಮನೆಗೆ ಹೋಗಿ ಸ್ನಾನ ಮಾಡುತ್ತಾರಂತೆ ಎಂದು ಯಾರೋ ಹೇಳಿದಾಗ ಅವ್ವ ನಕ್ಕು, “ಮಾಡ್ಲಿ ತಗೋ, ಮೈಯರೆ ಸ್ವಚ್ಛ ಆಗ್ತೈತಿ” ಎಂದಿದ್ದಳು. ಅವಳಿಗೆ ಬಂದ ನಗು ನನಗೆ ಇವತ್ತಿಗೂ ಬರುವುದಿಲ್ಲ.

ಈ ವಿದ್ಯೆಯನ್ನು ನಾನು ಹೊಗಳುತ್ತಿಲ್ಲ. ಕಣ್ಣಿಗೆ ನಾಲಿಗೆ ತಾಗಿಸುವುದು ಇಬ್ಬರಿಗೂ ಅಪಾಯ ಎಂದು ನಾನು ಅವಳೊಡನೆ ವರ್ಷಗಟ್ಟಲೆ ಜಗಳ ಮಾಡಿದೆ, ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಒಂದು ದಿನ ಅವಳನ್ನು ನಮ್ಮ ಶಾಲೆಗೆ ಕರೆದುಕೊಂಡು ಹೋಗಿ, ಅವಳದೇ ಎಂಜಲನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದಳು. “ಇವೆಲ್ಲಾ ನನ್ನ ಬಾಯಾಗಿನವಾ?” ಎಂದಳು. ಹೌದೆಂದೆ. ಅಂದಿನಿಂದ ಕಣ್ಣಿನ ಕೆಲಸ ನಿಲ್ಲಿಸಿಬಿಟ್ಟಳು. ಯಾರು ಬಂದರೂ ಸವದತ್ತಿಯ ಸರಕಾರಿ ದವಾಖಾನೆಗೆ ಹೋಗಿರೆಂದು ಹೇಳತೊಡಗಿದಳು. ನನ್ನ ಮಾತಿಗೆ ಬೆಲೆ ಕೊಟ್ಟು ನಿಲ್ಲಿಸಲಿಲ್ಲ, ತಾನೇ ಕಂಡಿದ್ದಕ್ಕೆ ನಿಲ್ಲಿಸಿದಳು. ಕಣ್ಣಾರೆ ಕಂಡದ್ದರ ಮುಂದೆ ಹಟ ಮಾಡುವ ಹೆಂಗಸಲ್ಲ ಅವಳು. ಈ ಗುಣವೇ ಮುಂದೆ ಅಪ್ಪನ ಕಣ್ಣು ಉಳಿಸಿತು.

ಅಪ್ಪ ಸೋಮಪ್ಪ ಅವ್ವನಿಗೆ ಪೂರ್ತಿ ವಿರುದ್ಧ. ಕೇಳಿದ್ದಕ್ಕೂ ಅರ್ಧವೇ ಹೇಳುವ ಮನುಷ್ಯ. ಹರೆಯದಲ್ಲಿ ಯರಗಟ್ಟಿಯ ಒಂದು ಗ್ಯಾರೇಜಿನಲ್ಲಿ ಕಬ್ಬಿನ ಬಂಡಿಗಳನ್ನು ಕಟ್ಟುವ, ರಿಪೇರಿ ಮಾಡುವ ಕೆಲಸಕ್ಕಿದ್ದ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ಹಂಗಾಮಿನಲ್ಲಿ ಅವನಿಗೆ ಉಣ್ಣಲಿಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಚಾಣ ಇಟ್ಟು ಸುತ್ತಿಗೆಯಿಂದ ಕಬ್ಬಿಣ ಕಡಿಯುವುದು, ಹೊಳಪು ಬರುವವರೆಗೆ ಉಜ್ಜುವುದು. ಕಣ್ಣಿಗೆ ಕನ್ನಡಕವಿಲ್ಲ, ಗಿನ್ನಡಕವಿಲ್ಲ.

ಇವರಿಬ್ಬರ ಲಗ್ನದ ಕತೆಯನ್ನು ಅವ್ವ ನಮ್ಮ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಕೊಡುತ್ತಿದ್ದಳು. ಅಪ್ಪ ಆ ವರ್ಷ ಮೂರು ಸಲ ಕಣ್ಣಿನ ಕಸ ತೆಗೆಸಿಕೊಳ್ಳಲು ಅವಳ ಮನೆಗೆ ಬಂದಿದ್ದನಂತೆ. ಮೊದಲನೆಯ ಸಲ ಬಂದದ್ದು ಜೋಳದ ಹೊಟ್ಟಿನ ಚೂರು. ಎರಡನೆಯ ಸಲ ಉಸುಕಿನ ಹರಳು. ಎರಡನ್ನೂ ಅವ್ವ ಉಗುರ ಮೇಲಿಟ್ಟು ತೋರಿಸಿದ್ದಳು. ಮೂರನೆಯ ಸಲ ಎಷ್ಟು ಹುಡುಕಿದರೂ ನಾಲಿಗೆಗೆ ಏನೂ ಹತ್ತಲಿಲ್ಲ. ಕಣ್ಣು ಮಾತ್ರ ಕೆಂಪಗಿತ್ತು. ಆಗ ಅವಳಿಗೆ ಥಟ್ಟನೆ ಹೊಳೆಯಿತು: ಈ ಮನುಷ್ಯ ಕಣ್ಣು ಉಜ್ಜಿಕೊಂಡು ಬಂದಿದ್ದಾನೆ, ಕಸ ತೆಗೆಸಿಕೊಳ್ಳಲಿಕ್ಕಲ್ಲ, ನನ್ನನ್ನು ನೋಡಲಿಕ್ಕೆ. ಅವಳಿಗೆ ನಾಚಿಕೆಯಾಗಿ “ಬಂತು, ಹೋಗ್ರಿ” ಎಂದು ಒಳಗೆ ಓಡಿದಳು. ಉಗುರು ತೋರಿಸಲಿಲ್ಲ. ಅಂದೇ ಸಂಜೆ ಅಜ್ಜಿಗೆ, ಆ ಗ್ಯಾರೇಜಿನವರು ಕೇಳಲು ಬಂದರೆ ಬೇಡ ಅನ್ನಬೇಡ ಎಂದು ಹೇಳಿದಳು. ಅವರು ಬಂದರು, ಲಗ್ನವಾಯಿತು.

“ಖಾಲಿ ಕಣ್ಣ ತಗೊಂಡ ಬಂದಿದ್ರು ನಿಮ್ಮಪ್ಪ” ಎಂದು ಹೇಳಿ ಅವ್ವ ಹುಡುಗಿಯ ಹಾಗೆ ನಗುತ್ತಿದ್ದಳು. ಅಪ್ಪ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅನ್ನುತ್ತಿರಲಿಲ್ಲ. ಟಾವೆಲಿನ ತುದಿಯಿಂದ ಎಡಗಣ್ಣು ಒರೆಸಿಕೊಂಡು ಹೊರಗೆ ನೋಡುತ್ತಿದ್ದ. ಅವನ ಎಡಗಣ್ಣಲ್ಲಿ ನಾನು ಚಿಕ್ಕವಳಿದ್ದಾಗಿನಿಂದಲೂ ಗಾಳಿಗೆ ನೀರು ಬರುತ್ತಿತ್ತು. ನಮಗೆಲ್ಲ ಅದು ಅವನ ಮೀಸೆಯಷ್ಟೇ ರೂಢಿಯಾಗಿಹೋಗಿತ್ತು.

ಹೋದ ವರ್ಷ ಅಪ್ಪನಿಗೆ ಸೊಂಟ ನೋವು ಶುರುವಾಯಿತು. ಮುಲಾಮು, ಕಾಯಿಸಿದ ಇಟ್ಟಿಗೆಯ ಶಾಖ, ಎಲ್ಲ ಆಯಿತು. ರಾತ್ರಿ ಮಗ್ಗಲು ಬದಲಿಸಲಿಕ್ಕೂ ಆಗದಂತಾದಾಗ ಬೈಲಹೊಂಗಲದ ಡಾಕ್ಟರರಿಗೆ ತೋರಿಸಿದೆ. ರಕ್ತ ಪರೀಕ್ಷೆ ನೋಡಿ ಅವರು ನನ್ನನ್ನು ಹೊರಗೆ ಕರೆದು, ಎಲುಬಿನೊಳಗೆ ಗಂಟು ಬೆಳೆಯುವ ರೋಗದ ಅನುಮಾನವಿದೆ, ಒಂದೇ ಕಡೆ ಇದ್ದರೆ ಬೇಗ ಹತೋಟಿಗೆ ಬರುತ್ತದೆ, ಎಷ್ಟು ಕಡೆ ಇದೆ ಎಂದು ತಿಳಿಯಲು ಇಡೀ ಮೈಯ ಎಂಆರ್‌ಐ ಸ್ಕ್ಯಾನ್ ಬೇಕು ಎಂದರು. ಅವ್ವನಿಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅವಳು ಎಲ್ಲ ಕೇಳಿ, “ಚರ್ಮಾ ಹರೀದ ಒಳಗ ಹೆಂಗ ಕಾಣ್ತೈತಿ?” ಎಂದು ಕೇಳಿದಳು. ಹೆದರಿದಾಗಲೂ ಅವಳಿಂದ ಹೊರಬರುವುದು ಪ್ರಶ್ನೆಯೇ.

ಬೆಳಗಾವಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಮ್ಮನ್ನು ಒಳಗೆ ಕರೆದವಳು ಶೀತಲ ಎಂಬ ಹುಡುಗಿ, ಮಷೀನು ನಡೆಸುವವಳು. ಬಹಳ ತಾಳ್ಮೆಯವಳು. ಅವ್ವನ ಕೈಗೆ ಸಿಕ್ಕ ಮೇಲೆ ಆ ತಾಳ್ಮೆ ಅವಳಿಗೆ ಬೇಕೇ ಆಯಿತು.

“ಅಜ್ಜಾರ, ಮೈಮ್ಯಾಲೆ ಲೋಹದ್ದು ಏನೂ ಇರಬಾರದ್ರಿ. ಉಂಗುರ, ಕೊರಳಾಗಿನದು, ವಾಚು, ಬೆಲ್ಟು, ಹಲ್ಲಿನ ಸೆಟ್ಟಿದ್ರ ಅದನ್ನೂ ತಗೀರಿ” ಎಂದಳು ಶೀತಲ.

ಅಪ್ಪನ ಸೊಂಟದಲ್ಲಿ ಬೆಳ್ಳಿಯ ಉಡದಾರವಿತ್ತು. ಹುಟ್ಟಿದಾಗಿನಿಂದ ಸೊಂಟ ಬಿಡದ್ದು, ದೊಡ್ಡವನಾದಂತೆ ಕೊಂಡಿ ಸೇರಿಸಿಕೊಂಡು ಬಂದದ್ದು. ಮುಖ ಸಣ್ಣದು ಮಾಡಿಕೊಂಡು ಬಿಚ್ಚಿ ನನ್ನ ಕೈಗಿಟ್ಟ. ಅಷ್ಟರಲ್ಲಿ ಅವ್ವ ಶುರು ಮಾಡಿದ್ದಳು.

“ತಂಗೀ, ಇದು ಅಯಸ್ಕಾಂತ ಅಂತ ನನ್ನ ಮಗಳು ಹೇಳ್ಯಾಳ. ರಕ್ತದಾಗ ಕಬ್ಬಿಣ ಕಡಿಮಿ ಐತಿ ಅಂತ ಗುಳಿಗಿ ಕೊಡ್ತಾರಲ್ಲವ್ವಾ, ಆ ಕಬ್ಬಿಣಾನೂ ಎಳೀತೈತೇನು?”

ಶೀತಲ ನಕ್ಕಳು. “ಇಲ್ರೀ ಅವ್ವಾರ. ಅದು ರಕ್ತದಾಗ ಕರಗಿ ಹೋಗಿರ್ತೈತಿ, ಎಳ್ಯಾಂಗಿಲ್ಲ. ಇಡಿ ಕಬ್ಬಿಣ ಇದ್ರ ಅಷ್ಟ ಎಳೀತೈತಿ.”

“ಮಷೀನ್ ಬಂದ್ ಇದ್ದಾಗ?”

“ಇದು ಬಂದ್ ಆಗೂದ ಇಲ್ರಿ. ಹಗಲೂ ರಾತ್ರಿ ಎಳೀತಿರ್ತೈತಿ. ಅದಕ್ಕ ನಿಮ್ಮನ್ನ ಆ ಬಾಗಲದ ಒಳಗ ಬಿಟ್ಟಿಲ್ಲ, ನಿಮ್ಮ ತಾಳ್ಯಾಗ ಅಷ್ಟ ಪಿನ್ನ ಅದಾವ.”

ಅವ್ವ ತಾಳಿಯಲ್ಲಿ ಸಿಕ್ಕಿಸಿದ್ದ ಪಿನ್ನುಗಳ ಗೊಂಚಲನ್ನು ಮುಟ್ಟಿ ನೋಡಿಕೊಂಡಳು. ಅವಳ ಕಣ್ಣು ಅರಳಿದವು. ಒಂದು ಪಿನ್ನು ಒಳಗೆ ಎಸೆದು ನೋಡೋಣವೇ ಎಂದು ಕೇಳುತ್ತಾಳೆಂದು ನನಗೆ ಖಾತ್ರಿಯಿತ್ತು. ಸದ್ಯ, ಕೇಳಲಿಲ್ಲ.

ಶೀತಲ ಅಪ್ಪನಿಗೆ ಒಂದೊಂದಾಗಿ ತಿಳಿಸಿ ಹೇಳಿದಳು. ಮಷೀನು ಕೊಳವೆಯ ಹಾಗಿದೆ, ಇಡೀ ಮೈಗೆ ಹೆಚ್ಚುಕಡಿಮೆ ಒಂದು ತಾಸು ಹಿಡಿಯುತ್ತದೆ, ಅಲುಗಾಡಿದರೆ ಚಿತ್ರ ಕೆಡುತ್ತದೆ. ದಡದಡ ಸಪ್ಪಳ ಬಹಳ, ಕಿವಿಗೆ ಮುಚ್ಚಿಕೊಳ್ಳಲು ಕೊಡುತ್ತೇವೆ. ಕೈಯಲ್ಲಿ ರಬ್ಬರಿನ ಬುಡ್ಡಿ ಇರುತ್ತದೆ, ಹೆದರಿಕೆಯಾದರೆ ಅದುಮಿರಿ, ನಾನು ಬರುತ್ತೇನೆ. ಎದೆಯಲ್ಲಿ ಮಷೀನು ಕೂರಿಸಿದ್ದಾರೆಯೇ, ಎಲುಬಿಗೆ ರಾಡು ಹಾಕಿದ್ದಾರೆಯೇ, ಕಿಡ್ನಿಯ ತೊಂದರೆ ಇದೆಯೇ ಎಂದು ಕೇಳಿದಳು. ಎಲ್ಲದಕ್ಕೂ ಅಪ್ಪ ಇಲ್ಲ ಎಂದ. ಆಮೇಲೆ ಅವಳು ಕೇಳಿದಳು: “ಕಣ್ಣಾಗ ಯಾವಾಗರೆ ಕಬ್ಬಿಣದ ಚೂರು ಬಿದ್ದಿತ್ತೇನ್ರೀ ಅಜ್ಜಾರ?”

ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟಳು. “ಕಬ್ಬಿಣ ಬಿದ್ದಿಲ್ಲ ತಂಗಿ. ಒಮ್ಮಿ ಹೊಟ್ಟು, ಒಮ್ಮಿ ಉಸುಕು, ನಾನ ತಗದೇನಿ. ಮೂರನೇ ಸಲ ಬರೇ ಖಾಲಿ ಕಣ್ಣು.” ಆ ಇಕ್ಕಟ್ಟಿನಲ್ಲೂ ಅವಳು ಕತೆ ಹೇಳಿ ನಕ್ಕಳು. ಶೀತಲಳೂ ನಕ್ಕಳು. ಆದರೆ ಅಪ್ಪನ ಕಡೆ ತಿರುಗಿ, “ನೀವು ಹೇಳ್ರಿ ಅಜ್ಜಾರ” ಎಂದಳು.

“ಇಲ್ಲ” ಎಂದ ಅಪ್ಪ. ಅಂದವನು ಟಾವೆಲು ಹುಡುಕಿದ. ಟಾವೆಲು ನನ್ನ ಹತ್ತಿರವಿತ್ತು. ಸೆಂಟರಿನವರು ಹಾಕಿಸಿದ್ದ ಅಂಗಿಯ ತೋಳಿನಿಂದಲೇ ಎಡಗಣ್ಣು ಒರೆಸಿಕೊಂಡ.

“ಹಂಗ್ಯಾಕ ಕೇಳಿದಿ?” ಎಂದಳು ಅವ್ವ.

“ಕಣ್ಣಾಗ ಕಬ್ಬಿಣದ ಚೂರು ಉಳದಿದ್ರ ಇದು ಅದನ್ನ ಎಳೀತೈತ್ರಿ. ಅದು ಸರದಾಡಿ ಕಣ್ಣ ಹೋದವರು ಅದಾರ.”

“ಎಷ್ಟು ದೊಡ್ಡ ಚೂರು?”

“ಸಾಸಿವಿಕಾಳಿಗಿಂತ ಸಣ್ಣದಿದ್ರೂ ಸಾಕ್ರಿ.”

“ಅದು ನಾಲಿಗಿಗೆ ಹತ್ತೂದಿಲ್ಲೇನು?”

“ಮ್ಯಾಲೆ ಇದ್ರ ಹತ್ತಬಹುದೇನೋ. ಕಾದ ಚೂರು ಸಿಡದ್ರ ಮಾಂಸದಾಗ ಹೊಕ್ಕು ಕುಂದರತೈತಿ. ನಾಲಿಗಿಗೂ ಹತ್ತಾಂಗಿಲ್ಲ, ಕಣ್ಣಿಗೂ ಕಾಣಾಂಗಿಲ್ಲ.”

ಶೀತಲ ಒಳಗಿನ ಬಾಗಿಲಿನತ್ತ ನಡೆದಳು, ಅಪ್ಪ ಅವಳ ಹಿಂದೆ. ಅವ್ವ ನಿಂತಲ್ಲೇ ನಿಂತಿದ್ದಳು. ನಾನು ಅವಳ ಮುಖ ನೋಡಿದೆ. ಶಾಲೆಯಲ್ಲಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಾಗ ಇದ್ದ ಮುಖವೇ ಅದು. ಕಣ್ಣು ಖಾಲಿ ಇದ್ದರೆ ಅದರಲ್ಲಿ ಇಷ್ಟು ವರ್ಷ ನೀರು ಯಾಕೆ ಬರುತ್ತಿತ್ತು? ಆ ಪ್ರಶ್ನೆ ಅವಳೊಳಗೆ ಎದ್ದು ನಿಂತದ್ದು ನನಗೆ ಕಾಣಿಸಿತು. ಅದನ್ನು ಕೇಳಿದರೆ ಅವಳ ಲಗ್ನದ ಕತೆ ಹೋಗುತ್ತದೆ. ಕೇಳದಿದ್ದರೆ ಅಪ್ಪನ ಕಣ್ಣು ಹೋಗಬಹುದು. ಸುಮ್ಮನಿದ್ದುಬಿಡು ಎಂದು ಯಾರಾದರೂ ಅವಳಿಗೆ ಹೇಳಿದ್ದರೆ ಆ ಗಳಿಗೆಯಲ್ಲಿ ಕೇಳುತ್ತಿದ್ದಳೋ ಏನೋ.

“ತಂಗೀ, ನಿಂದರು!” ಎಂದು ಕೂಗಿದಳು ಅವ್ವ. “ಇವರು ಕಬ್ಬಿಣಾ ಕಡೀತಿದ್ರು. ಮೂರನೇ ಸಲ ಕಣ್ಣು ಖಾಲಿ ಇತ್ತು ಅಂತ ನನಗ ಖರೇ ಗೊತ್ತಿಲ್ಲ. ನನಗ ಹತ್ತಲಿಲ್ಲ, ಅಷ್ಟ. ಮದಲ ಕಣ್ಣಿನ ಫೋಟೋ ತಗೀರಿ.”

ಅಪ್ಪ ತಲೆ ಬಗ್ಗಿಸಿದ. ಶೀತಲ ಅವನನ್ನು ಎಕ್ಸ್‌ರೇ ಕೋಣೆಗೆ ಕರೆದುಕೊಂಡು ಹೋದಳು.

ಎಡಗಣ್ಣಿನ ಗುಳಿಯ ಕೆಳಭಾಗದಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ನಮ್ಮನ್ನು ಪರದೆಯ ಮುಂದೆ ನಿಲ್ಲಿಸಿ ಸೆಂಟರಿನ ಡಾಕ್ಟರು ಬೆರಳಿಟ್ಟು ತೋರಿಸಿದರು. ಇವತ್ತು ಸ್ಕ್ಯಾನ್ ಬೇಡ, ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದರು. ಅವ್ವ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು. ಅಪ್ಪನಿಗೆ ಹೇಳಿದಳು: “ಹಂಗಾದ್ರ ನೀವು ನನ್ನ ನೋಡಾಕ ಬಂದಿದ್ದಿಲ್ಲ. ಖರೇನ ಕಣ್ಣು ಚುಚ್ಚತಿತ್ತು.”

“ಹೂಂ” ಎಂದ ಅಪ್ಪ.

“ಮತ್ತ ತಿರುಗಿ ಬಂದು ಹೇಳಬಾರದಾ?”

“ಬಂತು ಅಂದಿದ್ದಿ. ಆಮ್ಯಾಲೆ ನಿಮ್ಮ ಮನಿಯಿಂದ ಹೂಂ ಅಂದ್ರು. ನಿನ್ನ ಮಾತು ಸುಳ್ಳ ಮಾಡಾಕ ನನಗ ಮನಸ್ಸಾಗಲಿಲ್ಲ.”

“ಇವತ್ತರೆ ಹೇಳಬಾರದಾ? ಕಣ್ಣ ಹೋಗತಿದ್ದಿಲ್ಲಾ?”

ಊರಿಗೆಲ್ಲ ಹೇಳಿಕೊಂಡು ಬಂದ ಕತೆಯನ್ನು ಹೆಂಡತಿಯ ಬಾಯಿಂದ ಕಸಿದುಕೊಳ್ಳುವುದಕ್ಕಿಂತ ಕಣ್ಣನ್ನೇ ಮಷೀನಿಗೆ ಒಡ್ಡಲು ಹೊರಟಿದ್ದ ಆ ಮನುಷ್ಯನನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತ ಅತ್ತುಬಿಟ್ಟೆ. ಯರಗಟ್ಟಿಯವರೆಗೂ ಅವ್ವ ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಅವಳು ಒಂದೂ ಪ್ರಶ್ನೆ ಕೇಳದ ಪ್ರಯಾಣ ನನಗೆ ನೆನಪಿರುವುದು ಅದೊಂದೇ. ಆಮೇಲಿನ ದಿನಗಳಲ್ಲಿ ಮನೆಗೆ ಬಂದವರಿಗೆ ಚಹಾ ಕೊಡುತ್ತಿದ್ದಳು, ಕತೆ ಮಾತ್ರ ಹೇಳುತ್ತಿರಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಅದೃಷ್ಟ ನಮ್ಮ ಕಡೆಗಿತ್ತು. ಚೂರು ಕಣ್ಣುಗುಡ್ಡೆಯೊಳಗೆ ಹೋಗಿರಲಿಲ್ಲ, ಕೆಳರೆಪ್ಪೆಯ ಹಿಂದಿನ ಮಾಂಸದಲ್ಲಿ ಹುದುಗಿತ್ತು. ಅದಕ್ಕೇ ದೃಷ್ಟಿ ಉಳಿದಿತ್ತು, ಕಿರಿಕಿರಿ ಮಾತ್ರ ಇತ್ತು. ಸಣ್ಣ ಆಪರೇಷನ್ ಮಾಡಿ ತೆಗೆದರು. ಹೊರಬಂದ ಡಾಕ್ಟರಿಗೆ ಅವ್ವ “ತೋರಸ್ರಿ” ಎಂದಳು. ಅವರು ಸಣ್ಣ ಬಾಟಲಿ ತೋರಿಸಿದರು. “ಹಂಗಲ್ಲರಿ” ಎಂದು ಎಡಗೈ ಹೆಬ್ಬೆರಳು ಮುಂದೆ ಚಾಚಿದಳು. ಅವರಿಗೆ ಏನೆನ್ನಿಸಿತೋ, ಚಿಮುಟದಿಂದ ಎತ್ತಿ ಉಗುರ ಮೇಲಿಟ್ಟರು. ತುಕ್ಕು ಹಿಡಿದ, ಇರುವೆಯ ತಲೆಗಿಂತ ಸಣ್ಣ ಕರಿ ಚೂರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಪ್ಪನ ಹತ್ತಿರ ಅವ್ವ ಹೋಗಿ, “ನೋಡ್ರಿ, ಇದು ನಿಮ್ಮದು” ಎಂದಳು. ದನಿಯಲ್ಲಿ ನಗುವಿರಲಿಲ್ಲ. ಅಪ್ಪ ಒಂದೇ ಕಣ್ಣಿನಿಂದ ನೋಡಿದ.

ಕಣ್ಣು ಮಾಯ್ದು, ಇನ್ನೊಂದು ಎಕ್ಸ್‌ರೇಯಲ್ಲಿ ಚುಕ್ಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಅದೇ ಸೆಂಟರಿಗೆ ಹೋದೆವು. ಶೀತಲಳೇ ಇದ್ದಳು. ಗೊತ್ತಿದ್ದೂ ಎಲ್ಲವನ್ನೂ ಮೊದಲಿನಿಂದ ಕೇಳಿದಳು. ಇದೇ ನಮ್ಮ ಪದ್ಧತಿ, ಎಷ್ಟು ಸಲ ಬಂದರೂ ಕೇಳಲೇಬೇಕು, ಏನನ್ನೂ ಮುಚ್ಚಿಡಬೇಡಿ ಎಂದಳು. ಕಣ್ಣಿನ ಪ್ರಶ್ನೆ ಬಂದಾಗ ಅವ್ವ ಬಾಯಿ ತೆರೆಯಲಿಲ್ಲ, ನೆಲ ನೋಡುತ್ತ ನಿಂತಳು. ಅಪ್ಪನೇ ಹೇಳಿದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಆ ಮೊದಲು ಕೇಳಿರಲಿಲ್ಲ.

“ಮೂರ ಸಲ ಬಿದ್ದಿತ್ತವ್ವಾ. ಮೂರನೇದು ಕಬ್ಬಿಣ, ಅದು ಖರೇನ ಬಿದ್ದಿದ್ದು, ಮೊನ್ನೆ ತಗದಾರ. ಮದಲಿನ ಎರಡ ಸಲ ಮಾತ್ರ ಬಿದ್ದಿದ್ದಲ್ಲ. ನಾನ ಹಾಕ್ಕೊಂಡಿದ್ದೆ.”

ಶೀತಲ ಕೇಳಿದಳು: “ಯಾಕ್ರೀ ಅಜ್ಜಾರ?”

ಅಪ್ಪ ಅವ್ವನ ಕಡೆ ಗದ್ದ ತೋರಿಸಿದ. ಆಮೇಲೆ ತಾನಾಗಿಯೇ ಒಳಗಿನ ಕೋಣೆಗೆ ನಡೆದುಬಿಟ್ಟ. ಆ ದಪ್ಪ ಬಾಗಿಲು ಮುಚ್ಚಿಕೊಂಡಿತು.

“ಏನಂದ್ರು? ರೇಣು, ಏನಂದ್ರು ಅವರು?” ಎಂದು ಅವ್ವ ನನ್ನ ತೋಳು ಹಿಡಿದು ಅಲುಗಿಸಿದಳು. ಕೇಳಿಸದೆ ಕೇಳಿದ್ದಲ್ಲ, ಇನ್ನೊಮ್ಮೆ ಕೇಳಬೇಕಿತ್ತು ಅವಳಿಗೆ. ಬಾಗಿಲಿನ ಕಡೆ ಹೋದವಳು ಪಿನ್ನಿನ ಗೊಂಚಲು ನೆನಪಾಗಿ ಹಿಂದೆ ಸರಿದಳು. ಒಳಗೆ ಮಷೀನು ದಡದಡ ಎನ್ನತೊಡಗಿತು. ಒಂದು ಗಳಿಗೆಯೂ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳದ ಹೆಂಗಸು ಆ ಸಪ್ಪಳ ಮುಗಿಯುವವರೆಗೂ ಕಾಯಬೇಕಾಯಿತು. ಕೂತಳು, ಎದ್ದಳು, ತನ್ನಷ್ಟಕ್ಕೆ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕಬ್ಬಿಣಾ ಕಡಿಯೋರ ಕಣ್ಣಾಗ ಜ್ವಾಳದ ಹೊಟ್ಟು ಎಲ್ಲಿಂದ ಬರಬೇಕು! ಇಷ್ಟ ದಿನಾ ನಾ ಇದನ್ನ ಕೇಳಲೇ ಇಲ್ಲ ನೋಡು” ಎಂದು ಹಣೆ ಚಚ್ಚಿಕೊಂಡಳು.

ಆ ಸ್ಕ್ಯಾನಿನಲ್ಲಿ ಏನು ಕಂಡಿತೆಂದು ಈಗಲೇ ಹೇಳಿಬಿಡುತ್ತೇನೆ, ಕಾಯಿಸಿ ಸತಾಯಿಸುವುದು ನನಗೆ ಸೇರದು. ರೋಗ ಇತ್ತು, ಆದರೆ ಸೊಂಟದ ಒಂದೇ ಎಲುಬಿನಲ್ಲಿ. ಈಗ ಚಿಕಿತ್ಸೆ ನಡೆದಿದೆ. ನೋವು ತಗ್ಗಿ ಅಪ್ಪ ಮಗ್ಗಲು ಬದಲಿಸಿ ಮಲಗುತ್ತಾನೆ. ಎಡಗಣ್ಣಿಗೆ ಟಾವೆಲು ಹೋಗುವುದು ಮಾತ್ರ ನಿಂತಿಲ್ಲ, ನೀರು ಬಾರದಿದ್ದರೂ ಕೈಗೆ ರೂಢಿ.

ಅಂದು ಬಾಗಿಲು ತೆರೆದಾಗ ಅಪ್ಪ ಕಿವಿಗಿಟ್ಟ ಹತ್ತಿ ತೆಗೆಯುತ್ತ ಹೊರಬಂದ. ಒಳಗೆ ಹೇಗಿತ್ತು, ಹೆದರಿಕೆಯಾಯಿತೇ ಎಂದು ನಾನು ಕೇಳುವಷ್ಟರಲ್ಲಿ ಅವ್ವ ಅವನ ಎದುರಿಗೆ ಹೋಗಿ ನಿಂತಿದ್ದಳು.

“ಆ ಹೊಟ್ಟು ಯಾರ ಕಣದ್ದು?”

ಅಪ್ಪ ಉಡದಾರಕ್ಕಾಗಿ ನನ್ನ ಕಡೆ ಕೈ ಚಾಚಿದ. ಅದನ್ನು ಸೊಂಟಕ್ಕೆ ಸುತ್ತಿ, ಕೊಂಡಿ ಹಾಕಿಕೊಳ್ಳುವವರೆಗೂ ಅವಳನ್ನು ಕಾಯಿಸಿದ. “ನಿಮ್ಮ ಮನಿ ಮುಂದ ನೀನ ಕುಂತು ಜ್ವಾಳಾ ಕೇರತಿದ್ದಿ. ಅಲ್ಲೇ ಬಿದ್ದಿತ್ತು, ತಗೊಂಡೆ” ಎಂದ.